ಶಾಲೆಯ ಪಾಗಾರದ ಖರ್ಚು ಕಾಯ್ದೆಯಲ್ಲೇ ಇರಬೇಕು

ನಮ್ಮೂರ ಕನ್ನಡ ಶಾಲೆಯ ಹಿಂಬದಿಯ ಮುರಕಲ್ಲಿನ ಪಾಗಾರ ಕಳೆದ ಮಳೆಗಾಲದಲ್ಲಿ ಎರಡು ಕಡೆ ಕುಸಿಯಿತು. ಕುಸಿದಲ್ಲಿ ಅಡಕೆ ಸಲಕೆಗಳನ್ನು ನೆಟ್ಟು ಹಸಿರು ಬಲೆ ಕಟ್ಟಿದ್ದಾರೆ. ಅದರಾಚೆ ಬಸ್ಸು ಓಡುವ ರಸ್ತೆ. ಆಟದ ಹೊತ್ತಿನಲ್ಲಿ ಒಂದನೇ ತರಗತಿಯ ಟೀಚರ್ ಬಲೆಗೆ ಬೆನ್ನು ಕೊಟ್ಟು ನಿಂತಿರುತ್ತಾರೆ, ಬೆಲ್ ಆಗುವವರೆಗೂ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಆವರಣ ಗೋಡೆ ಅಥವಾ ಬೇಲಿ ಇರಲೇಬೇಕೆಂದಿದೆ. ಕಾಯ್ದೆ ಜಾರಿಯಾದ 2010ರಿಂದ ಮೂರು ವರ್ಷಗಳೊಳಗೆ ಇದನ್ನೆಲ್ಲ ಪೂರೈಸಬೇಕಿತ್ತು. ಕುಂಭಕೋಣದ ಶಾಲೆಯಲ್ಲಿ 2004ರ ಜುಲೈ 16ರಂದು ಬೆಂಕಿಗೆ 94 ಮಕ್ಕಳು ಬಲಿಯಾದ ಬಳಿಕ ಸಲ್ಲಿಕೆಯಾದ ಅರ್ಜಿಯ ಮೇಲೆ, ಸುರಕ್ಷಿತ ಶಾಲೆಯೂ ಶಿಕ್ಷಣದ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 2009ರಲ್ಲೇ ತೀರ್ಪು ಕೊಟ್ಟಿದೆ. ಆದೇಶಕ್ಕೆ ಕೊರತೆಯಿಲ್ಲ; ದುಡ್ಡಿನ ಮಾತು ಬಂದಾಗ ಮಾತ್ರ ಕಾಯ್ದೆ ಕೇಂದ್ರ ಮತ್ತು ರಾಜ್ಯಗಳ ಜಂಟಿ ಹೊಣೆ ಎಂದಷ್ಟೇ ಹೇಳುತ್ತದೆ. ಜಂಟಿ ಹೊಣೆ ಎಂದರೆ ಒಬ್ಬರು ಇನ್ನೊಬ್ಬರ ಮುಖ ನೋಡುವುದು ಎಂಬುದನ್ನು ನಾವು ಬಹಳ ಕಾಲದಿಂದ ಕಂಡಿದ್ದೇವೆ.

ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನ ಗಡಿನಾಡಿನಲ್ಲಿ ಇದಕ್ಕೊಂದು ಹೆಚ್ಚಿನ ತೊಡಕಿದೆ. ಇಲ್ಲಿನ ಬಹಳಷ್ಟು ಕನ್ನಡ ಶಾಲೆಗಳು ಅನುದಾನಿತ ಶಾಲೆಗಳು. ಅಧ್ಯಾಪಕರ ಸಂಬಳ ಸರ್ಕಾರದ್ದು, ಕಟ್ಟಡ ಮ್ಯಾನೇಜರರದ್ದು, ಅಂದರೆ ಶಾಲೆಯ ಖಾಸಗಿ ಒಡೆಯರದ್ದು. ಮಕ್ಕಳ ಸಂಖ್ಯೆ ಇಳಿಯುತ್ತಿರುವ ಶಾಲೆಗೆ ಲಕ್ಷಗಟ್ಟಲೆ ಸುರಿಯಲು ಮ್ಯಾನೇಜರರಿಗೆ ಧೈರ್ಯ ಸಾಲದು. ಕೊನೆಗೆ ರಕ್ಷಕ-ಶಿಕ್ಷಕ ಸಂಘ ರಶೀದಿ ಪುಸ್ತಕ ಹಿಡಿದು ಮನೆಮನೆ ಹತ್ತುತ್ತದೆ. ಮಗುವಿನ ಸುರಕ್ಷೆ ಊರವರ ಚಂದಾದ ಮೇಲೆ ನಿಲ್ಲುವುದು ಸರಿಯಲ್ಲ.

ಸುರಕ್ಷೆ ಎಂದೊಡನೆ ಕೆಲವರು ಸಿಸಿಟಿವಿ ಎನ್ನುತ್ತಾರೆ. 2023ರ ಜುಲೈಯಲ್ಲಿ ನಮ್ಮ ಜಿಲ್ಲೆಯ ಅಂಗಡಿಮೊಗರಿನಲ್ಲಿ ಸಂಜೆ ಶಾಲೆ ಬಿಟ್ಟ ಹೊತ್ತಿಗೆ ಮರ ಉರುಳಿ ಆರನೇ ತರಗತಿಯ ಹುಡುಗಿಯೊಬ್ಬಳು ತೀರಿಕೊಂಡಳು. ಅದನ್ನು ಯಾವ ಕ್ಯಾಮೆರಾ ತಡೆಯುತ್ತಿತ್ತು? ನಮಗೆ ಮೊದಲು ಬೇಕಾದದ್ದು ಮರ ಕಡಿಸುವ, ಪಾಗಾರ ಕಟ್ಟಿಸುವ, ಜೋತುಬಿದ್ದ ವಿದ್ಯುತ್ ತಂತಿ ಸರಿಸುವ ಹಣ.

ಆದ್ದರಿಂದ ನನ್ನ ಬೇಡಿಕೆ ಒಂದೇ: ಎಂಜಿನಿಯರರು ಅಪಾಯವೆಂದು ಬರೆದುಕೊಟ್ಟ ಕೆಲಸಕ್ಕೆ, ಶಾಲೆ ಸರ್ಕಾರದ್ದಿರಲಿ ಅನುದಾನಿತವಿರಲಿ, ಇಂತಿಷ್ಟು ದಿನಗಳೊಳಗೆ ಹಣ ಬಿಡುಗಡೆಯಾಗಲೇಬೇಕೆಂದು ಕಾಯ್ದೆಯಲ್ಲೇ ಬರೆಯಬೇಕು. ಖರ್ಚು ಮಾಡಿದ ಆಸ್ತಿ ಖಾಸಗಿಯವರದ್ದಾಗುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಶಾಲೆ ಮುಚ್ಚಿದರೆ ಆ ಮೊತ್ತ ಮ್ಯಾನೇಜರರಿಂದ ವಾಪಸು ಬರುವಂತೆ ಷರತ್ತು ಹಾಕಲಿ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ನಿರ್ಣಯವಾಗಿ ಮಂಡಿಸಿ ಶಾಸಕರಿಗೆ ಕಳುಹಿಸಬೇಕೆಂದಿದ್ದೇನೆ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯವರು ದಯವಿಟ್ಟು ಅಂದು ಬನ್ನಿ.