ಎಷ್ಟು ಭಾಗ ಸೇರಿದರೆ ಬಂದೂಕು?

ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಬಂದೂಕಿನ ನಳಿಗೆ ಬೇಕಾದರೆ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದರೆ ಸಾಕು, ಕೊರಿಯರಿನವರು ಬಾಗಿಲಿಗೆ ತಂದಿಟ್ಟು ಹೋಗುತ್ತಾರೆ. ನಾನಿರುವ ಜರ್ಮನಿಯಲ್ಲಿ ಅದೇ ನಳಿಗೆಗೆ ಲೈಸೆನ್ಸ್ ಬೇಕು, ಮೇಲೆ ನಂಬರ್ ಇರಬೇಕು, ಆ ನಂಬರ್ ಸರ್ಕಾರದ ದಾಖಲೆಗೆ ಸೇರಬೇಕು. ಎರಡೂ ಕಡೆಯವರಿಗೆ ತಮ್ಮದೇ ಸರಿ. ನನ್ನ ಓಟು ಜರ್ಮನಿಗೆ.

ನಾನೇನೂ ಗನ್ ಇಟ್ಟುಕೊಂಡವನಲ್ಲ. ಊರಲ್ಲಿ ಚುನಾವಣೆ ಬಂದಾಗಲೆಲ್ಲ ಅಪ್ಪ ತೋಟದ ಕೋವಿಯನ್ನು ಠಾಣೆಗೆ ಒಪ್ಪಿಸಲು ಹೊರಟರೆ ಜೊತೆಗೆ ಹೋಗುತ್ತಿದ್ದೆ, ಅಷ್ಟೇ ನಂಟು. ಈ ವಿಷಯ ತಲೆಗೆ ಹೊಕ್ಕಿದ್ದು ಟೆಕ್ಸಾಸಿನಲ್ಲಿರುವ ಷಡ್ಡಕನಿಂದ. ಅವನು ಸಿಗ್ ಕಂಪನಿಯ ಪಿ320 ಪಿಸ್ತೂಲನ್ನು ಬಿಚ್ಚಿ ಊಟದ ಮೇಜಿನ ಮೇಲೆ ಹರಡಿದ್ದ. ನಳಿಗೆಯ ಮೇಲೆ ಹಿಂದೆ-ಮುಂದೆ ಜಾರುವ ಸ್ಲೈಡ್, ನಳಿಗೆ, ಸ್ಪ್ರಿಂಗ್, ಪ್ಲಾಸ್ಟಿಕ್ ಹಿಡಿ. ಹಿಡಿಯ ಒಳಗಿನಿಂದ ಅಂಗೈಯಷ್ಟು ಉದ್ದದ ಲೋಹದ ಚೌಕಟ್ಟೊಂದನ್ನು ಎತ್ತಿ ತೋರಿಸಿದ. ಟ್ರಿಗರ್ ಇರುವುದು ಅದರಲ್ಲೇ. "ನೋಡಿ ಭಾವ, ಕಾನೂನಿಗೆ ಗನ್ ಅಂದರೆ ಇದಿಷ್ಟೇ. ಮಿಕ್ಕಿದ್ದೆಲ್ಲ ಸ್ಪೇರ್ ಪಾರ್ಟ್ಸ್."

ಅವನು ಹೇಳಿದ್ದು ನಿಜ. 1968ರ ಗನ್ ಕಂಟ್ರೋಲ್ ಆ್ಯಕ್ಟ್ ಪ್ರಕಾರ ಫ್ರೇಮ್ ಅಥವಾ ರಿಸೀವರ್ ಎಂಬ ಒಂದು ಭಾಗವೇ ಬಂದೂಕು. ನಂಬರ್ ಅದಕ್ಕೇ, ಅಂಗಡಿಯಲ್ಲಿ ಕೊಳ್ಳುವವರ ಹಿನ್ನೆಲೆ ತಪಾಸಣೆಯೂ ಅದಕ್ಕೇ. ಹಳೆಯ ನಿಯಮದಲ್ಲಿ ರಿಸೀವರ್ ಎಂದರೆ ಹೊಡೆತ ಕೊಡುವ ಹ್ಯಾಮರ್, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್, ಗುಂಡು ಸಿಡಿಸುವ ವ್ಯವಸ್ಥೆ ಮೂರೂ ಕೂರುವ ಜಾಗ. ಆದರೆ ಎಆರ್-15 ರೈಫಲ್‌ನಲ್ಲಿ ಟ್ರಿಗರ್ ಮತ್ತು ಹ್ಯಾಮರ್ ಕೆಳಗಿನ ತುಂಡಿನಲ್ಲಿವೆ, ಬೋಲ್ಟ್ ಮೇಲಿನದರಲ್ಲಿದೆ. ಹಾಗಾದರೆ ರಿಸೀವರ್ ಯಾವುದು? ಅಧಿಕಾರಿಗಳು ಕೆಳಗಿನದು ಎನ್ನುತ್ತಾ ಬಂದರು. ಆರೋಪಿಗಳ ವಕೀಲರು ಬಿಡುತ್ತಾರಾ? ವ್ಯಾಖ್ಯೆಗೆ ಎರಡೂ ಹೊಂದುವುದಿಲ್ಲ ಎಂದು ವಾದಿಸಿದರು, ಕೆಲವು ಜಡ್ಜ್‌ಗಳು ಹೌದೆಂದರು. 2022ರ ಹೊಸ ನಿಯಮ ಬಂದ ಮೇಲೆ ಆ ಗೊಂದಲಕ್ಕೆ ತೇಪೆ ಬಿತ್ತು.

ಆ ಒಂದು ಭಾಗವನ್ನೂ ಅರೆಬರೆ ಮಾಡಿ, "ಇದಿನ್ನೂ ಗನ್ ಅಲ್ಲ" ಎಂದು ಕಿಟ್ ರೂಪದಲ್ಲಿ ಮಾರಿದವರಿದ್ದಾರೆ. ನಂಬರ್ ಇಲ್ಲ, ತಪಾಸಣೆ ಇಲ್ಲ. ಒಂದು ಕಿಟ್ಟನ್ನು ಹಿಂದೆಂದೂ ನೋಡಿರದ ವ್ಯಕ್ತಿಯೊಬ್ಬರು 21 ನಿಮಿಷದಲ್ಲಿ ಪಿಸ್ತೂಲ್ ಮಾಡಿದ್ದನ್ನು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನಲ್ಲೇ ಬರೆದಿದೆ. 2025ರ ಮಾರ್ಚ್‌ನಲ್ಲಿ 7–2 ಬಹುಮತದಿಂದ, ಇಂಥ ಕಿಟ್‌ಗಳಿಗೂ ಕಾನೂನು ಅನ್ವಯಿಸಬಹುದು ಎಂದಿತು.

ಇನ್ನೊಂದು ತಮಾಷೆ. ನಳಿಗೆ ಅಲ್ಲಿ ಬರೀ ಕೊಳವೆ. ಅದರ ತುದಿಗೆ ಸಿಕ್ಕಿಸುವ ಸೈಲೆನ್ಸರ್ ಮಾತ್ರ ಕಾನೂನಿನ ಕಣ್ಣಿಗೆ ಬಂದೂಕು!

ಜರ್ಮನಿಯವರು ಹಿಡಿದಿರುವ ದಾರಿ ಬೇರೆ. ನಳಿಗೆ, ಬೋಲ್ಟ್, ಗುಂಡು ಕೂರುವ ಚೇಂಬರ್, ಹೊರಕವಚ, ಪಿಸ್ತೂಲಿನ ಹಿಡಿಭಾಗ ಎಲ್ಲವೂ ಮುಖ್ಯ ಭಾಗಗಳು. 2015ರ ಪ್ಯಾರಿಸ್ ದಾಳಿಯ ನಂತರ ಯುರೋಪ್ ಒಕ್ಕೂಟ 2017ರಲ್ಲಿ ನಿಯಮ ಬಿಗಿ ಮಾಡಿತು, 2020ರಲ್ಲಿ ಇಲ್ಲಿನ ಕಾಯ್ದೆಯೂ ಬದಲಾಯಿತು. ಈ ಪಟ್ಟಿಯ ಹಿಂದಿನ ಲೆಕ್ಕ ನನಗೆ ಇಷ್ಟ. 9 ಎಂಎಂ ಗುಂಡು ಸಿಡಿದಾಗ ಒತ್ತಡ 2,350 ಬಾರ್‌ವರೆಗೂ ಹೋಗಬಹುದು. ಕಾರಿನ ಟಯರಿನಲ್ಲಿ ಇರುವುದು ಎರಡು-ಮೂರು ಬಾರ್ ಅಲ್ವಾ? ಅಷ್ಟು ಒತ್ತಡ ತಡೆಯುವ ಭಾಗ ಮಾಡುವುದು ಕಷ್ಟ, ಟ್ರಿಗರ್ ಕೂರುವ ಫ್ರೇಮ್ ಮಾಡುವುದು ಅದಕ್ಕಿಂತ ಸುಲಭ. ಕಷ್ಟದ್ದನ್ನು ಕಾಯುವುದು ಬಿಟ್ಟು ಸುಲಭದ್ದಕ್ಕೆ ಬೀಗ ಹಾಕಿದರೆ ಏನು ಬಂತು? ಕೆನಡಾ ಕೂಡ 2023ರ ಕಾಯ್ದೆಯಲ್ಲಿ ನಳಿಗೆ, ಪಿಸ್ತೂಲಿನ ಸ್ಲೈಡ್‌ಗಳನ್ನು ಹಿಡಿತಕ್ಕೆ ತಂದಿತು.

"ಕಳ್ಳರು ನಿಮ್ಮ ಪಟ್ಟಿ ಓದಿಕೊಂಡು ಕೂರ್ತಾರಾ?" ಎನ್ನುತ್ತಾನೆ ಷಡ್ಡಕ. ಓದುವುದಿಲ್ಲ, ಒಪ್ಪಿದೆ. 3ಡಿ ಪ್ರಿಂಟರ್ ಹಿಡಿದವರು ನಳಿಗೆಗೂ ಅಡ್ಡದಾರಿ ಹುಡುಕಿದ್ದಾರೆ. ಆದರೂ ಕೊರಿಯರಿಗೆ ಕಾಯುವುದಕ್ಕಿಂತ ಅದು ಜಾಸ್ತಿ ತಲೆನೋವಿನ ಕೆಲಸ. ಆ ತಲೆನೋವೇ ನನಗೆ ಬೇಕಾದದ್ದು.

ನಮ್ಮ ದೇಶದ್ದು ಇನ್ನೊಂದು ತುದಿ. 1959ರ ಆಯುಧ ಕಾಯ್ದೆಯ ವ್ಯಾಖ್ಯೆಯಲ್ಲಿ ಆಯುಧ ಎಂದರೆ ಅದರ ಭಾಗಗಳೂ ಸೇರಿ, ತಯಾರಿಸುವ ಯಂತ್ರವೂ ಸೇರಿ. ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ, ಅಂದರೆ ವಂಶಪಾರಂಪರ್ಯ ಜಮ್ಮಾ ಭೂಮಿ ಇರುವವರಿಗೆ, ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ, ಸದ್ಯಕ್ಕೆ 2029ರವರೆಗೆ. ಪಕ್ಕದ ಸಕಲೇಶಪುರದವರಿಗೆ ಅದಿಲ್ಲ. ಇಷ್ಟು ಅಗಲವಾದ ಬಲೆ ಬೀಸಿದರೆ ಏನು ಹಿಡಿಯಬೇಕು, ಏನು ಬಿಡಬೇಕು ಎನ್ನುವುದು ಎದುರಿಗಿರುವ ಅಧಿಕಾರಿಯ ಮರ್ಜಿಗೆ ಹೋಗುತ್ತದೆ. ಗೆದ್ದಲು ತಿಂದ ಮರದ ಹಿಡಿಯನ್ನು ಊರಿನ ಬಡಗಿಯೇ ಹೊಸದಾಗಿ ಮಾಡಿಕೊಟ್ಟರೆ ಯಾರಿಗೇನು ನಷ್ಟ? ನಳಿಗೆ ಬದಲಾಯಿಸಲು ಹೊರಟವರನ್ನು ಮಾತ್ರ ಎಷ್ಟು ಬೇಕಾದರೂ ಕಾಗದ ಕೇಳಲಿ.