‘ನಿಮಗೆ ಮರ್ತಿರ್ಬೇಕು’ ಅಂತೆ

ಕಾರ್ಯಕ್ರಮವೊಂದರಲ್ಲಿ ಡಿಜೆ ಹುಡುಗ ನಮ್ಮ ಕಾಲದ ಹಾಡನ್ನು ಹಳೇ ಹಾಡು ಅಂದ. ಹಾಗೆ ಅಂದದ್ದಕ್ಕೆ ನನಗೆ ಸಿಟ್ಟಿಲ್ಲ. ಲೆಕ್ಕ ನನಗೂ ಬರುತ್ತದೆ. 1995ರ ಹಾಡಿಗೆ ಮೂವತ್ತು ವರ್ಷ ದಾಟಿತು. 1995ರಲ್ಲಿ ಕೂತು 1965ರ ಹಾಡನ್ನು ‘ಅಪ್ಪನ ಕಾಲದ್ದು’ ಅಂತ ಪಕ್ಕಕ್ಕೆ ತಳ್ಳಿದವರು ನಾವೇ. ಈಗ ನಮ್ಮ ಸರದಿ ಬಂದಿದೆ, ಸರಿ.

ಆದರೆ ‘ನಾಸ್ಟಾಲ್ಜಿಯಾ ಸೆಟ್’ ಅಂತ ಘೋಷಿಸಿ ಆ ಹುಡುಗ ಹಾಕಿದ್ದು ಆ ಹಾಡೇ ಅಲ್ಲ!

ಮೊದಲಿಗೆ ಚಟಪಟ ಸದ್ದು. ಅದರ ಹಿಂದೆ ಸುಯ್ ಅಂತ ಹಿಸ್. ಕೊಳಲಿನಿಂದ ಶುರುವಾಗಬೇಕಿದ್ದ ಆರಂಭದ ಸಂಗೀತಕ್ಕೆ ಪೂರ್ತಿ ಕತ್ತರಿ, ನೇರ ಪಲ್ಲವಿ. ಗಾಯಕರ ದನಿ ನೆಗಡಿ ಹಿಡಿದ ಹಾಗೆ ದಪ್ಪ. ಹತ್ತಿರ ಹೋಗಿ, “ತಮ್ಮಾ, ಸ್ಪೀಡ್ ಕಮ್ಮಿ ಇದೆ, ಶ್ರುತಿ ಇಳಿದಿದೆ ನೋಡು” ಅಂದೆ. ಅವನು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದ. ಮೈಕ್ ಆನ್ ಇತ್ತು. “ಇಲ್ಲ ಅಂಕಲ್, ಹಾಡು ಇರೋದೇ ಹಿಂಗೆ. ತುಂಬಾ ವರ್ಷ ಆಯ್ತಲ್ಲ, ನಿಮಗೆ ಮರ್ತಿರ್ಬೇಕು” ಅಂದ. ಸ್ಪೀಕರಿನಲ್ಲಿ ಅದು ಎಲ್ಲರಿಗೂ ಕೇಳಿಸಿತು. ಎಲ್ಲರೂ ನಕ್ಕರು. ನನ್ನ ವಯಸ್ಸಿನವರೂ ನಕ್ಕರು, ಅದೇ ಹೆಚ್ಚು ಉರಿದದ್ದು.

ನನಗೆ ಮರೆತಿರಬೇಕಂತೆ. ಎರಡನೇ ಚರಣಕ್ಕೆ ಮುಂಚೆ ವಯಲಿನ್‌ಗಳು ಎಷ್ಟು ಮಾತ್ರೆ ತಡೆದು ಬರುತ್ತವೆ ಅನ್ನುವುದು ಕೂಡ ಕಂಠಪಾಠ ಇರುವವನಿಗೆ, ಅಂಕಲ್, ಮರ್ತಿರ್ಬೇಕು.

ಅವನು ಹಾಕಿದ್ದು ‘ಸ್ಲೋಡ್ ಪ್ಲಸ್ ರಿವರ್ಬ್’ ಅನ್ನುವ ಅವತಾರ, ಅಂದರೆ ಹಾಡನ್ನು ನಿಧಾನ ಮಾಡಿ ಮೇಲೆ ಗುಂಗು (ರಿವರ್ಬ್) ಸೇರಿಸಿದ್ದು. ಇದರಲ್ಲಿ ಹಾಡಿನ ವೇಗವನ್ನು ಸುಮಾರು ಶೇ. 85ಕ್ಕೆ ಇಳಿಸುತ್ತಾರೆ. ವೇಗದ ಜತೆಗೇ ಶ್ರುತಿಯೂ ಹೆಚ್ಚುಕಡಿಮೆ ಮೂರು ಅರ್ಧಸ್ವರ ಕುಸಿಯುತ್ತದೆ. ‘ಸಿ’ ಶ್ರುತಿಯ ಹಾಡು ‘ಎ’ ಹತ್ತಿರ ಹೋಗಿ ನಿಲ್ಲುತ್ತದೆ. 5 ನಿಮಿಷದ ಹಾಡು 5 ನಿಮಿಷ 53 ಸೆಕೆಂಡ್ ಆಗುತ್ತದೆ. ದನಿಯ ಗುಣವೂ ಕೆಳಗಿಳಿಯುವುದರಿಂದ ಹಾಡಿದವರು ಬೇರೆಯೇ ಮನುಷ್ಯರು ಅನ್ನಿಸುತ್ತದೆ, ಗಮಕಗಳು ಹಿಗ್ಗಿ ಸಪ್ಪೆಯಾಗುತ್ತವೆ. ಇದರ ಮೇಲೆ ಮೂರು ಸೆಕೆಂಡ್ ರಿವರ್ಬ್. ನಿಮಿಷಕ್ಕೆ 100 ಬೀಟ್ ಇದ್ದ ಹಾಡು 85ಕ್ಕೆ ಇಳಿದಾಗ ತಬಲಾದ ಕಾಲು ಬೀಟಿನ ಪೆಟ್ಟುಗಳ ನಡುವೆ 176 ಮಿಲಿಸೆಕೆಂಡ್ ಅಂತರ. ಅಂದರೆ ಒಂದು ಪೆಟ್ಟಿನ ಗುಂಗು ಆರುವ ಮುಂಚೆ ಇನ್ನು ಹದಿನೇಳು ಪೆಟ್ಟು ಅದರ ಮೇಲೆ ಬಂದು ಬೀಳುತ್ತವೆ. ತಬಲಾ ನುಡಿಸಿದವರ ಬೆರಳಿನ ಕೆಲಸ ಅಷ್ಟೂ ಮಣ್ಣುಪಾಲು.

ಇನ್ನು ಆ ಚಟಪಟ! ಅದು ಎಲ್‌ಪಿ ತಟ್ಟೆಯ ದೋಷ ಕಣ್ರೀ, ಗೆರೆಯೊಳಗಿನ ಧೂಳಿಗೆ ಮುಳ್ಳು ತಾಗಿ ಬರುವ ಸದ್ದು. ನಾವು ಈ ಹಾಡುಗಳನ್ನು ಕೇಳಿದ್ದು ಕ್ಯಾಸೆಟ್ಟಿನಲ್ಲಿ. ಎಲ್‌ಪಿ ಬಂದದ್ದು 1948ರಲ್ಲಿ, ಕ್ಯಾಸೆಟ್ 1963ರಲ್ಲಿ, ಎರಡರ ಕಾಯಿಲೆಯೂ ಬೇರೆ ಬೇರೆ. ಕ್ಯಾಸೆಟ್ ಚಟಪಟ ಅನ್ನುವುದಿಲ್ಲ. ಅದು ಸುಯ್ ಅನ್ನುತ್ತದೆ, ಎಳೆಯುತ್ತದೆ, ಮಂಕಾಗುತ್ತದೆ. ಇವರು ಒಂದರ ರೋಗವನ್ನು ಇನ್ನೊಂದಕ್ಕೆ ಅಂಟಿಸಿ ‘ಆ ಕಾಲದ ಫೀಲ್’ ಅನ್ನುತ್ತಾರೆ.

ಆ ಸುಯ್ ಅನ್ನುವುದನ್ನು ಕಮ್ಮಿ ಮಾಡಲು ಎಷ್ಟು ಒದ್ದಾಟ ಇತ್ತು ಅಂತ ಇವರಿಗೆ ಗೊತ್ತೇ? ಟೇಪಿನ ಅಗಲ ಬರೀ 3.81 ಮಿಲಿಮೀಟರ್. ಅಷ್ಟರಲ್ಲೇ ಎರಡು ಕಡೆಯ ಸ್ಟೀರಿಯೋ ಸೇರಿ ನಾಲ್ಕು ಪಟ್ಟಿ. ಓಡುವ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಇಷ್ಟು ಸಣ್ಣ ಜಾಗ, ಇಷ್ಟು ನಿಧಾನ ಓಟ, ಹಿಸ್ ಬರದೇ ಇರುತ್ತದೆಯೇ? ಅದಕ್ಕೇ ಡಾಲ್ಬಿ ಬಿ ಅನ್ನುವ ತಂತ್ರ ಇದ್ದದ್ದು, ತಾರ ಭಾಗದ ಹಿಸ್ಸನ್ನು ಸುಮಾರು 10 ಡೆಸಿಬಲ್ ಇಳಿಸಲು. ಅದಕ್ಕೇ ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಟೇಪ್ ಓದುವ ಹೆಡ್ಡಿನ ಮೇಲಿನ ಕಂದು ಪುಡಿ ಒರೆಸುತ್ತಿದ್ದದ್ದು. ಟೇಪ್ ಎಳೆಯುವ ರಬ್ಬರ್ ಚಕ್ರ, ಪಿಂಚ್ ರೋಲರ್, ಜಿಡ್ಡಾದರೆ ಟೇಪ್ ಒಳಗೇ ಸುತ್ತಿಕೊಳ್ಳುತ್ತಿತ್ತು. ಬೆಲ್ಟ್ ಸಡಿಲವಾದರೆ ಹಾಡು ಎಳೆಯುತ್ತಿತ್ತು, ತಕ್ಷಣ ಬದಲಾಯಿಸುತ್ತಿದ್ದೆವು. ಹಾಗೆ ಓಡಿಸಿದ ದೋಷವನ್ನೆಲ್ಲ ಈಗ ಸಾಫ್ಟ್‌ವೇರಿನಲ್ಲಿ ಗುಂಡಿ ತಿರುಗಿಸಿ ಸೇರಿಸಿ, ಇದೇ ನಿಮ್ಮ ಯೌವನ ಅಂತ ನಮ್ಮ ಕೈಗೇ ಕೊಡುತ್ತಾರೆ.

ಯಾರಾದರೂ ಉತ್ತರ ಹೇಳಿ. ಹಳೇ ಫೋಟೋ ಮೇಲೆ ಬೇಕಂತಲೇ ಕಲೆ ಹಾಕಿ, ಇದೇ ಅಸಲಿ ಅಂದರೆ ಒಪ್ಪುತ್ತೀರಾ? ಹಾಡಿಗೆ ಮಾತ್ರ ಯಾಕೆ ಒಪ್ಪುತ್ತೀರಿ?

ಹೋಗಲಿ, ಆ್ಯಪಿನಲ್ಲಿ ‘ರೀಮಾಸ್ಟರ್ಡ್’ ಅಂತ ಇರುವುದನ್ನಾದರೂ ಕೇಳೋಣ ಅಂದರೆ ಅದು ಇನ್ನೊಂದು ಕರ್ಮ. ಬಹಳಷ್ಟು ರೀಮಾಸ್ಟರ್‌ಗಳಲ್ಲಿ ಆಗಿರುವುದು ಒಂದೇ ಕೆಲಸ: ಜೋರು ಸದ್ದಿನ ತುದಿ ಒತ್ತುವ ಲಿಮಿಟರ್ ಹಾಕಿ ಎಲ್ಲವನ್ನೂ ಮೇಲಕ್ಕೆ ತಳ್ಳುವುದು. ಆಡಾಸಿಟಿ ಅನ್ನುವ ಆಡಿಯೋ ಸಾಫ್ಟ್‌ವೇರಿನಲ್ಲಿ ತೆರೆದು ನೋಡಿ, ಏರಿಳಿತ ಇರಬೇಕಾದ ಅಲೆ ತಲೆ ಕತ್ತರಿಸಿದ ಗಟ್ಟಿ ಪಟ್ಟಿಯಾಗಿರುತ್ತದೆ. ಮೆಲ್ಲಗೆ ಬರಬೇಕಾದ ಹಮ್ಮಿಂಗೂ ಡ್ರಮ್ಮಿನಷ್ಟೇ ಜೋರು. ಇದರಿಂದ ಲಾಭವೂ ಇಲ್ಲ. ದೊಡ್ಡ ಆ್ಯಪ್‌ಗಳು ಹೇಗಿದ್ದರೂ ಹಾಡುಗಳನ್ನು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದಿನ ಜೋರು ಅಳೆಯುವ ಮಾನ) ಆಸುಪಾಸಿಗೆ ತಂದು ಸಮ ಮಾಡುತ್ತವೆ. ಜೋರು ಮಾಡಿದ್ದು ಮತ್ತೆ ತಗ್ಗುತ್ತದೆ, ಕತ್ತರಿಸಿದ ತಲೆ ಮಾತ್ರ ವಾಪಸ್ ಬರುವುದಿಲ್ಲ.

ಇದೆಲ್ಲ ವಯಸ್ಸಿನ ಮಹಿಮೆ, ಬಿಟ್ಟುಬಿಡು ಅನ್ನುವವರಿದ್ದಾರೆ. ಸುಮಾರು ಹತ್ತರಿಂದ ಮೂವತ್ತರವರೆಗಿನ ವಯಸ್ಸಿನ ನೆನಪುಗಳೇ ಹೆಚ್ಚು ಗಟ್ಟಿಯಾಗಿ ಉಳಿಯುತ್ತವೆ ಅಂತ ಮನಶ್ಶಾಸ್ತ್ರಜ್ಞರು ಹೇಳುತ್ತಾರೆ, ಅದಕ್ಕೆ ‘ರೆಮಿನಿಸೆನ್ಸ್ ಬಂಪ್’ ಅಂತ ಹೆಸರೂ ಇದೆ. ಇರಲಿ. ನನಗೆ ಈ ಹಾಡು ಇಷ್ಟ ಯಾಕೆ ಅನ್ನುವುದಕ್ಕೆ ಅದು ಉತ್ತರ ಇರಬಹುದು. ಇನ್ನು ಇಪ್ಪತ್ತು ವರ್ಷಕ್ಕೆ ಆ ಹುಡುಗನ ಹಾಡಿಗೂ ಇದೇ ಗತಿ, ಅವನಿಗೂ ಯಾರೋ ಅಂಕಲ್ ಅನ್ನುತ್ತಾರೆ. ಯಾರ ಜತೆ ಜಗಳ ಆಡುವುದು, ಬಿಡು ಅನ್ನಿಸುತ್ತದೆ.

ಇಲ್ಲ, ಬಿಡಲಾಗುವುದಿಲ್ಲ. ನನ್ನ ಇಷ್ಟಕ್ಕೆ ಕಾರಣ ಸಿಕ್ಕರೆ ಹಾಡಿನ ಶ್ರುತಿ ಸರಿಹೋಗುತ್ತದೆಯೇ? ಹೊಸದಾಗಿ ಕೇಳುವ ಮಕ್ಕಳಿಗೆ ಇದೇ ಅಸಲಿ ಆಗಿಬಿಡುತ್ತದೆ. ನಮ್ಮ ಹತ್ತಿರ ಕ್ಯಾಸೆಟ್ ಇನ್ನೂ ಇದೆ ಅನ್ನುವವರು ಈಗಲೇ ಕೈ ಹಾಕಿ. ಮೊದಲು ಟೇಪಿನ ಹಿಂದಿರುವ ಪುಟ್ಟ ಪ್ಯಾಡ್ ನೋಡಿ, ಗೋಂದು ಒಣಗಿ ಅದು ಉದುರಿರಬಹುದು. ಉದುರಿದ್ದರೆ ಬೇರೆ ಕ್ಯಾಸೆಟ್ಟಿನ ಪ್ಯಾಡ್ ಹಾಕಿ, ಇಲ್ಲದಿದ್ದರೆ ಟೇಪ್ ಹೆಡ್ಡಿಗೆ ಒತ್ತದೆ ಹಾಡು ಮಂಕಾಗಿ ಕೇಳುತ್ತದೆ. ಒಂದು ಸಲ ಪೂರ್ತಿ ಫಾರ್ವರ್ಡ್, ಒಂದು ಸಲ ಪೂರ್ತಿ ರಿವೈಂಡ್ ಮಾಡಿದರೆ ಅಂಟಿಕೊಂಡ ಸುತ್ತುಗಳು ಬಿಡುತ್ತವೆ. ಹೆಡ್ ಪಕ್ಕದ ಪುಟ್ಟ ಸ್ಕ್ರೂ ಅಜಿಮತ್‌ಗೆ, ಅಂದರೆ ಟೇಪಿಗೆ ಹೆಡ್ ನೇರವಾಗಿ ನಿಲ್ಲುವ ಕೋನ ಸರಿಮಾಡಲು. ಮೋನೋದಲ್ಲಿ ಕೇಳುತ್ತಾ ಕೂದಲೆಳೆಯಷ್ಟು ತಿರುಗಿಸಿ, ತಾಳದ ಸದ್ದು ಅತಿ ಹೊಳಪಾಗುವ ಜಾಗದಲ್ಲಿ ನಿಲ್ಲಿಸಿ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿ, ಮೀಟರ್ ಮೈನಸ್ 6 ಡೆಸಿಬಲ್ ದಾಟದಿರಲಿ. ಗುಣ ಕಳೆಯದ ಫ್ಲಾಕ್ ಫೈಲಿನಲ್ಲಿ ಉಳಿಸಿ. ಸಾಫ್ಟ್‌ವೇರಿನ ನಾಯ್ಸ್ ರಿಡಕ್ಷನ್ ಗುಂಡಿ ಮುಟ್ಟಲೇಬೇಡಿ, ಹಿಸ್ ಜತೆಗೆ ತಂಬೂರಿಯ ನಾದವೂ ಹೋಗುತ್ತದೆ.

ಆದರೆ ಇದು ಮನೆಯಲ್ಲಿ ಕೂತು ನಾವು ಮಾಡುವಷ್ಟು. ಅಸಲಿ ಮಾಸ್ಟರ್ ಟೇಪುಗಳು ಇರುವುದು ಕಂಪನಿಗಳ ಕಪಾಟಿನಲ್ಲಿ. 70–80ರ ದಶಕದ ಹಲವು ಟೇಪುಗಳ ಅಂಟು ತೇವ ಹೀರಿ ಜಿಗುಟಾಗುತ್ತದೆ, ಸುಮಾರು 50–55 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಕಾಯಿಸಿದರೆ ಕೆಲವು ವಾರದ ಮಟ್ಟಿಗೆ ಓಡುತ್ತವೆ. ಅಷ್ಟರಲ್ಲಿ ನಕಲು ತೆಗೆಯಬೇಕು. ಆ ಕೆಲಸ ಮಾಡಿ ಸ್ವಾಮೀ, ಮಾಡಿದ್ದನ್ನು ಇದ್ದ ಹಾಗೇ ಬಿಡುಗಡೆ ಮಾಡಿ, ಕೊಳಲಿನ ಸಮೇತ. ವೇಗ ಇಳಿಸಿ ಮಾರುವುದಾದರೆ ಹಾಡಿನ ಹೆಸರಿನ ಪಕ್ಕದಲ್ಲೇ ಶೇಕಡಾ ಎಷ್ಟು ಇಳಿಸಿದ್ದೀರಿ ಅಂತ ಬರೆಯಿರಿ.