ಕುಣಿದ ಲೋಟ, ಕುಣಿಯದ ಮೀಟರ್

ಪುಣೆಯಲ್ಲಿ ಗಣಪತಿ ಬರುವ ಸುದ್ದಿ ಮೊದಲು ಗೊತ್ತಾಗುವುದು ನಮ್ಮ ಅಡುಗೆಮನೆಯ ಸ್ಟೀಲ್ ಲೋಟಗಳಿಗೆ. ಸ್ಟ್ಯಾಂಡಿನಲ್ಲಿ ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನತೊಡಗಿದರೆ, ಗಲ್ಲಿಯಲ್ಲಿ ಡಾಲ್ಬಿ ಟೆಸ್ಟಿಂಗ್ ಶುರುವಾಯಿತು ಅಂತ ಅರ್ಥ.

ಡಾಲ್ಬಿ ಅಂದರೆ ಇಲ್ಲಿ ಗಾಡಿ ಮೇಲೆ ಗೋಡೆಯ ಹಾಗೆ ಪೇರಿಸಿದ ಸ್ಪೀಕರ್. ಪುಣ್ಯಾತ್ಮ ರೇ ಡಾಲ್ಬಿ 1965ರಲ್ಲಿ ಲಂಡನ್ನಿನಲ್ಲಿ ಕಂಪನಿ ಕಟ್ಟಿ, ಮೊದಲು ಮಾಡಿದ್ದು ಟೇಪಿನ ಸುಯ್ ಸದ್ದು ತಗ್ಗಿಸುವ ಯಂತ್ರ. ಅವನ ಹೆಸರನ್ನು ನಾವು ಎಂಥದ್ದಕ್ಕೆ ಇಟ್ಟೆವು ನೋಡಿ.

ಹೋದ ವರ್ಷ ಕೆಳಗಿನ ಮನೆಯವರು ದೂರು ಕೊಟ್ಟರು. ರಾತ್ರಿ ಎಂಟೂವರೆಗೆ ಸಾಹೇಬರು ಸದ್ದು ಅಳೆಯುವ ಮೀಟರ್ ಹಿಡಿದು ಬಂದರು. ಗಲ್ಲಿಯಲ್ಲಿ ನಿಲ್ಲಲು ಆಗಲಿಲ್ಲವೇನೋ, ನಮ್ಮ ಹಾಲಿಗೆ ಬಂದು ಕಿಟಕಿ ಮುಚ್ಚಿಸಿ ಅಳೆದರು. ಚಹಾ ಕೊಟ್ಟೆ. ಕಪ್ಪಿನೊಳಗೆ ಉಂಗುರ ಉಂಗುರವಾಗಿ ಅಲೆ. ಮೀಟರಿನಲ್ಲಿ 53. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್ ತನಕ ಸರಿ ಅನ್ನುತ್ತದೆ 2000ದ ನಿಯಮ. ರಾತ್ರಿ ಹತ್ತರವರೆಗೂ ಅದಕ್ಕೆ ಹಗಲೇ! ಸಾಹೇಬರು ಪ್ಯಾಂಟಿನ ಮೇಲೆ ತುಳುಕಿದ ಚಹಾ ಒರೆಸಿಕೊಂಡು, ಎಲ್ಲ ಕಾನೂನಿನೊಳಗೇ ಇದೆ ಅಂತ ಹೇಳಿ ಹೋದರು.

"ಕಾಕಾ, ಆ ಮೀಟರ್‌ಗೆ ಬೇಸ್ ಕೇಳಂಗಿಲ್ಲ," ಅಂದ ಅಣ್ಣನ ಮಗ. ವಿಜಯಪುರದಿಂದ ಬಂದು ನಮ್ಮ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟು ಮ್ಯೂಸಿಕ್ ಮಾಡುತ್ತಾನೆ. ಬೇಸ್ ಅಂದರೆ ಧಂ ಧಂ ಅನ್ನುವ ತಗ್ಗಿನ ಸದ್ದು. ನಿಯಮದ ಮೀಟರ್ ಸದ್ದನ್ನು 'ಎ' ಲೆಕ್ಕದಲ್ಲಿ ಅಳೆಯುತ್ತದಂತೆ. ಸೆಕೆಂಡಿಗೆ 50 ಸಲ ಅದುರುವ 50 ಹರ್ಟ್ಜ್‌ನ ಬೇಸ್ ಸದ್ದಿಗೆ ಅದರಲ್ಲಿ ಸುಮಾರು 30 ಡೆಸಿಬಲ್ ರಿಯಾಯಿತಿ. 80 ಇದ್ದರೆ 50 ಅನ್ನುತ್ತದೆ. ಮೆಲ್ಲನೆಯ ಸದ್ದು ಕಿವಿಗೆ ಹೇಗೆ ಕೇಳುತ್ತದೆ ಅಂತ ನೋಡಿ ಮಾಡಿದ ಲೆಕ್ಕ ಅದು. ಎದೆ ಗುದ್ದಿದ್ದಕ್ಕೆ ಅದರಲ್ಲಿ ಕಾಲಂ ಇಲ್ಲ. ಸಾಲದ್ದಕ್ಕೆ ಆ ಬೇಸಿನ ಒಂದು ಅಲೆ ಏಳು ಮೀಟರ್ ಉದ್ದ. ಕಿಟಕಿ ಮುಚ್ಚಿದರೆ ಹಾಡು ಹೊರಗುಳಿದು, ಧಂ ಧಂ ಮಾತ್ರ ಒಳಗೆ ಬರುತ್ತದೆ.

ಈ ಹುಡುಗ ಒಂದೊಂದು ಡೆಸಿಬಲ್ಲಿಗೂ ರಾತ್ರಿ ನಿದ್ದೆಗೆಡುತ್ತಾನೆ. ಹಿರಿಯರು ಬಾಯಿ ತೆರೆದರೆ ಕಿರಿಯರು ಸುಮ್ಮನಾಗುವ ಹಾಗೆ, ಕಿಕ್ ಡ್ರಮ್ ಬಡಿದಾಗಲೆಲ್ಲ ಬೇಸ್ ತಾನಾಗಿ ತಗ್ಗಬೇಕು. ಅದಕ್ಕೆ ಸೈಡ್‌ಚೈನ್ ಅನ್ನುವ ತಂತ್ರ. 30 ಹರ್ಟ್ಜ್‌ಗಿಂತ ಕೆಳಗಿನ ಕೆಸರನ್ನೆಲ್ಲ ಕತ್ತರಿಸುತ್ತಾನೆ. ಹೀಗೆ ತಿದ್ದಿ ತೀಡಿದ ಒಂದು ಟ್ರ್ಯಾಕನ್ನು ನಮ್ಮ ಗಲ್ಲಿಯ ಗಣಪತಿ ಮಂಡಳಕ್ಕೇ ಕೊಟ್ಟ. ಗಾಡಿ ಮೇಲೆ ಡಾಲ್ಬಿ ನಡೆಸುವ ಭಾವು ನಾಲ್ಕು ಸೆಕೆಂಡ್ ಕೇಳಿ, "ಬೇಸ್ ಕಮೀ ಆಹೇ," ಅಂದ. ಬೇಸಿನ ಗುಂಡಿಯನ್ನು ತಿರುಗಿಸುವಷ್ಟೂ ತಿರುಗಿಸಿ, ಇನ್ನೂ ತಿರುಗೀತೇನೋ ಅಂತ ಒತ್ತಿ ನೋಡಿದ. ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನಿನ್ನೆ ಮಂಡಳದ ಹುಡುಗರು ವರ್ಗಣಿಗೆ, ಅಂದರೆ ಚಂದಾ ಎತ್ತಲು, ಬಂದಿದ್ದರು. ಹೋದ ವರ್ಷ ನಾಲ್ಕು ಬೇಸ್ ಸ್ಪೀಕರ್, ಹಾಡು ಕೇಳಿಸುವ ಮೇಲಿನ ಸದ್ದಿನ ಸ್ಪೀಕರ್, ಅಂದರೆ ಟಾಪ್, ನಾಲ್ಕು ಇತ್ತು. ಈ ಸಲ ಎಂಟು ಬೇಸ್, ಟಾಪ್ ಮಾತ್ರ ನಾಲ್ಕೇ ಅಂತೆ. "ಟಾಪ್ ಅಷ್ಟೇ ಯಾಕಪ್ಪಾ?" ಅಂತ ಕೇಳಿದೆ.

"ಟಾಪ್ ಜಾಸ್ತಿ ಮಾಡಿದರೆ ಮೀಟರಿನಲ್ಲಿ ಸಿಕ್ಕಿಬೀಳುತ್ತೆ, ಕಾಕಾ," ಅಂದು 501ರ ರಸೀದಿ ಹರಿದು ಕೈಗಿಟ್ಟರು.